ಕೌದಿಯ ನಾಲ್ಕನೆಯ ಮಗ್ಗುಲು

ಬನ್ನಿಹಾಳದ ಶರಣೆ ನಿಂಬೆಕ್ಕ ತಾಯಿಯವರು ತಮ್ಮ ಬಾಳಿನ ಕೊನೆಯ ಹದಿನೆಂಟು ವರ್ಷಗಳನ್ನು ಕಳೆದದ್ದು ಊರ ಹೊರಗಿನ ಹಳೆಯದೊಂದು ಮಗ್ಗದ ಮನೆಯಲ್ಲಿ. ನೇಕಾರರ ಸಂಘ ಮುಚ್ಚಿಹೋದ ಮೇಲೆ ಆ ಕಟ್ಟಡಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ತಗಡಿನ ಮಾಡು, ಮಣ್ಣಿನ ನೆಲ, ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಆರು ಕುಣಿಗಳು. ತಾಯಿಯವರು ಬಂದ ವರ್ಷ ತಾವೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಕುಣಿಗಳನ್ನು ತುಂಬಿದರು, ಸಗಣಿ ಸಾರಿಸಿದರು, ಒಂದು ಮೂಲೆಯಲ್ಲಿ ಕಂಬಳಿ ಹಾಸಿಕೊಂಡರು. ಅವರ ಪೀಠಾರೋಹಣ ಎಂದರೆ ಇಷ್ಟೇ. ಮುಂದೆ ಭಕ್ತರು ಕೆಲವರು ಕೂಡಿ ಬೆಳ್ಳಿಯ ಪೀಠ ಮಾಡಿಸುತ್ತೇವೆಂದು ಬಂದಾಗ, "ಅಷ್ಟ ಎತ್ತರದಾಗ ಕುಂತ್ರ ನೆಲದ ಮ್ಯಾಲಿನ ಕೌದಿಗೆ ಕೈ ಹ್ಯಾಂಗ ಮುಟ್ಟತೈತ್ರಪಾ?" ಎಂದು ಕೇಳಿ ಅವರನ್ನು ನಗಿಸಿ ಕಳಿಸಿದರಂತೆ.

ಕೌದಿಯ ಸೇವೆ ಆರಂಭವಾದದ್ದು ಒಂದು ಮಾಗಿಯಲ್ಲಿ. ತಾಯಿಯವರು ಬಸ್‌ ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ, ಹೆರಿಗೆಯಾಗಿ ದವಾಖಾನೆಯಿಂದ ಊರಿಗೆ ಹೊರಟಿದ್ದ ಕೂಲಿಯ ಹೆಣ್ಣುಮಗಳೊಬ್ಬಳು ಕೂಸನ್ನು ಗಂಡನ ಅಂಗಿಯಲ್ಲಿ ಸುತ್ತಿಕೊಂಡು ನಿಂತಿದ್ದಳು. ಗಂಡ ಬನಿಯನ್ನಿನಲ್ಲಿ ನಡುಗುತ್ತಿದ್ದ. ತಾಯಿಯವರು ತಾವು ಹೊದ್ದಿದ್ದನ್ನು ತೆಗೆದು ಕೂಸಿಗೆ ಹೊದಿಸಿದರು. ಆ ವಾರವೇ ಮನೆಮನೆಗೆ ಹೋಗಿ ಕೌದಿ ಹೊಲಿಯಲು ಹಳೆಯ ಸೀರೆ, ಧೋತರ ಬೇಡಿ ತಂದರು. ಕಾಸು ಕೊಡಬಂದವರಿಗೆ ಕೈಮುಗಿದು, "ಗುರುವಾರ ಮುಂಜಾನೆ ನಿಮ್ಮ ಎರಡು ಕೈ ಕೊಡ್ರಿ, ಸಾಕು" ಎನ್ನುತ್ತಿದ್ದರು. ಹೀಗೆ ಬಂದವರು ಮೊದಲು ನಾಲ್ವರು, ಆಮೇಲೆ ಮೂವತ್ತು ಜನ. ಗುರುವಾರ ಮಧ್ಯಾಹ್ನದೊಳಗೆ ಕೌದಿಗಳು ಸಿದ್ಧವಾಗಿ, ಸಂಜೆಗೆ ತಾಲೂಕಿನ ದವಾಖಾನೆಯ ಬಾಣಂತಿಯರ ಕೋಣೆಗೆ ಹೋಗುತ್ತಿದ್ದವು.

ಕೌದಿ ಹೊಲಿಯುವುದು ಒಬ್ಬರ ಕೆಲಸವಲ್ಲ. ತೊಳೆದು ಒಣಗಿಸಿದ ಅರಿವೆಗಳನ್ನು ಪದರು ಪದರಾಗಿ ನೆಲದ ಮೇಲೆ ಹಾಸಿ, ನಾಲ್ಕು ಮಗ್ಗುಲಿಗೆ ನಾಲ್ವರು ಕುಳಿತು, ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಹೊಲಿಯುತ್ತಾ ಹೋಗುತ್ತಾರೆ. ಒಬ್ಬರ ಮಗ್ಗುಲಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಬಾಯಿ ಉಳಿಯುತ್ತದೆ. ಅದರೊಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಮುಚ್ಚುವುದಕ್ಕೆ ಕೌದಿಯ ಉಡಿ ತುಂಬುವುದು ಎನ್ನುತ್ತಾರೆ. ಹಸಿದ ಕೌದಿ ಬೆಚ್ಚಗೆ ಮಾಡುವುದಿಲ್ಲ ಎಂದು ನಮ್ಮ ಹೆಣ್ಣುಮಕ್ಕಳ ನಂಬಿಕೆ. ಬಾಯಿ ತೆರೆದ ಕೌದಿಯನ್ನು ಮನೆಯಲ್ಲಿ ಹಾಗೆಯೇ ಬಿಡುವುದಂತೂ ಅಶುಭ. ಉಡಿ ತುಂಬುವ ಹಕ್ಕು ಕುಳಿತವರಲ್ಲಿ ಹಿರಿಯಳಿಗೆ.

ಮಗ್ಗದ ಮನೆಯಲ್ಲಿ ಹಿರಿಯಳು ಭರಮವ್ವ. ಎಪ್ಪತ್ತು ದಾಟಿತ್ತು. ಪ್ರಾಯದಿಂದ ಹತ್ತಿಯ ಗಿರಣಿಯಲ್ಲಿ ಕುಳಿತು ಅರಳೆಯಿಂದ ಕಸಕಡ್ಡಿಯ ಕಸರು ಆಯ್ದು ಆಯ್ದು ಸಂಸಾರ ಸಾಕಿದವಳು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಸೊಸೆಯ ಜೊತೆ ಇದ್ದಳು. ಕಣ್ಣಿನ ನರ ಒಣಗಿ, ಎದುರಿಗಿದ್ದವರ ಮುಖ ನೆರಳಿನ ಹಾಗೆ ಕಾಣುತ್ತಿತ್ತು. ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿ ಬಿಟ್ಟಿದ್ದರು. ಮನೆಯಲ್ಲಿ ಒಲೆ ಮುಟ್ಟಿದರೆ ಸೊಸೆ ಹೆದರುತ್ತಿದ್ದಳು, ಹಿತ್ತಲಿಗೆ ಹೋದರೆ ಓಡಿ ಬರುತ್ತಿದ್ದಳು. ಹೀಗೆ ವಾರದ ಆರು ದಿನ ಯಾರೂ ಏನೂ ಮಾಡಗೊಡದ ಆ ಜೀವಕ್ಕೆ ಗುರುವಾರ ಒಂದೇ ದಿನ ತಾನೂ ಮನುಷ್ಯಳು ಅನ್ನಿಸುತ್ತಿತ್ತು. ಬುಧವಾರ ಸಂಜೆಯೇ ಒಗೆದ ಸೀರೆ ತೆಗೆದಿಟ್ಟುಕೊಳ್ಳುತ್ತಿದ್ದಳಂತೆ. ತಾಯಿಯವರು ಮುಂಜಾನೆ ಪೂಜೆ ಮುಗಿಸಿ ಮಾಡುತ್ತಿದ್ದ ಮೊದಲ ಕೆಲಸ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಭರಮವ್ವನ ಜಾಗದಲ್ಲಿ ಚುಚ್ಚಿಡುವುದು.

ಈ ಮನೆಗೆ ಒಂದು ದಿನ ಪಂಢರಿನಾಥ ಮಾಸ್ತರರು ಬಂದರು. ನಾನು ಬರೆಯುತ್ತಿರುವ ಪ್ರಸಂಗವನ್ನು ನನಗೆ ಹೇಳಿದವರೂ ಅವರೇ, ಆದ್ದರಿಂದ ಅವರ ಗುಣದೋಷಗಳನ್ನು ಮುಚ್ಚಿಡುವ ಗೊಡವೆ ನನಗಿಲ್ಲ, ಅವರೇ ಮುಚ್ಚಿಡಲಿಲ್ಲ. ಜಾತಿಯಿಂದ ಸಿಂಪಿಗರು, ಪೇಟೆಯಲ್ಲಿ ನಲವತ್ತು ವರ್ಷ ಟೇಲರಿಂಗ್ ಅಂಗಡಿ ನಡೆಸಿದವರು. ಅವರು ಹೊಲಿದ ಅಂಗಿಯ ಹೊಲಿಗೆ ಅಂಗಿ ಹರಿದರೂ ಬಿಡುತ್ತಿರಲಿಲ್ಲ. ಕತ್ತರಿಯಷ್ಟೇ ನಾಲಗೆಯೂ ಹರಿತ. ಸಾಧುಸಂತರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತವರನ್ನು ಹೆಂಡತಿಯೇ ಬೇಸತ್ತು, "ಆ ತಾಯಿ ಹಂತ್ಯಾಕರ ಹೋಗಿ ಬರ್ರಿ" ಎಂದು ಹೊರಗೆ ಹಾಕಿದ್ದಳು.

ಬಂದವರು ತಾಯಿಯವರಿಗೆ ನಮಸ್ಕಾರ ಮಾಡುವ ಮೊದಲು ಹಾಸಿದ್ದ ಕೌದಿಯ ಅಂಚು ಎತ್ತಿ ನೋಡಿದರು. ಎಳೆದು ನೋಡಿದರು. ಹುಬ್ಬು ಗಂಟಿಕ್ಕಿದರು. ಹೆಣ್ಣುಮಕ್ಕಳಲ್ಲಿ ಒಬ್ಬಳು, "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲದಾಗ ಮೊಳ ಹಾಕಿದ್ರಂತ, ಹಂಗಾತು ನೋಡ್ರಿ ಮಾಸ್ತರರದು" ಎಂದು ಕಿಚಾಯಿಸಿದಳು.

ಮಾಸ್ತರರು ನಗಲಿಲ್ಲ. "ಮೊಳ ಹಾಕಬೇಕವಾ. ಬಡವರಿಗೆ ಕೊಡೂದು ಅಂದ್ರ ಹೆಂಗ್ಯಾರ ಹೊಲದು ಕೊಡೂದೇನು? ನಿಮ್ಮ ಮೊಮ್ಮಗಗ ಹಿಂತಾ ಕೌದಿ ಹಾಸತಿದ್ರೇನು?"

ತಾಯಿಯವರು ಕುಳಿತಲ್ಲಿಂದಲೇ, "ಬರೋಬರಿ ಹೇಳಿದಿ ತಮ್ಮಾ. ಮಷೀನ ಎಲ್ಲಿಡತಿ, ಜಾಗಾ ನೋಡಕೋ" ಎಂದರು. ಮರುವಾರ ಮಾಸ್ತರರ ಕಾಲುಮಷೀನು ಮಗ್ಗದ ಮನೆಯ ಕಿಟಕಿಯ ಬಳಿ ಬಂದು ಕುಳಿತಿತು.

ಅವರು ಬಂದ ಮೇಲೆ ಕೌದಿಗಳ ರೂಪವೇ ಬದಲಾಯಿತು ಎಂಬುದನ್ನು ಒಪ್ಪಲೇಬೇಕು. ಹೆಂಗಸರು ಮಧ್ಯಾಹ್ನ ಎದ್ದು ಹೋದ ಮೇಲೆ ಮಾಸ್ತರರು ಒಬ್ಬರೇ ಕುಳಿತು ಪ್ರತಿಯೊಂದು ಕೌದಿಗೂ ಸುತ್ತಲೂ ಪಟ್ಟಿ ಹಚ್ಚಿ ಅಂಚು ಭದ್ರ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಭರಮವ್ವ ಕುಳಿತಿದ್ದ ಮಗ್ಗುಲನ್ನು ಹುಡುಕಿ, ಅವಳ ಹೊಲಿಗೆಯನ್ನು ಪೂರ್ತಿ ಬಿಚ್ಚಿ, ತಾವೇ ಹೊಲಿದು ಸರಿಮಾಡುತ್ತಿದ್ದರು. ಅವಳ ಹೊಲಿಗೆ ನಿಜಕ್ಕೂ ಕೆಟ್ಟದಾಗಿತ್ತು. ಒಂದು ಇತ್ತ, ಒಂದು ಅತ್ತ; ದಾರ ಬಿಗಿಯದೆ ಬೆರಳು ತೂರುವಷ್ಟು ಕುಣಿಕೆಗಳು ಮೇಲೆದ್ದಿರುತ್ತಿದ್ದವು. ಇದು ಉಳಿದ ಹೆಂಗಸರಿಗೆ ತಿಳಿದಿತ್ತು. "ಪಾಪ, ಮುದುಕಿಗೆ ಗೊತ್ತಾಗಬಾರದು" ಎಂದು ತಮ್ಮತಮ್ಮಲ್ಲೇ ಕಣ್ಸನ್ನೆ ಮಾಡಿಕೊಂಡು ಸುಮ್ಮನಿದ್ದರು. ಮರುವಾರ ಭರಮವ್ವ ಬಂದು, "ಹ್ವಾದ ವಾರದ್ದು ನರ್ಸಬಾಯಿ ಏನಂದ್ರವಾ?" ಎಂದು ಕೇಳಿದರೆ, "ಭಾಳ ಚಂದ ಆಗ್ಯಾವ ಅಂದ್ರಬೇ" ಎನ್ನುತ್ತಿದ್ದರು. ಅವಳ ಮುಖ ಅರಳುತ್ತಿತ್ತು. ಎಂಟು ತಿಂಗಳು ಹೀಗೆಯೇ ನಡೆಯಿತು.

ಒಂಬತ್ತನೆಯ ತಿಂಗಳಲ್ಲಿ ಮಾಸ್ತರರು ಸಂಬಂಧಿಕರ ಮದುವೆಗೆಂದು ಒಂದು ಗುರುವಾರ ಊರಲ್ಲಿರಲಿಲ್ಲ. ಆ ವಾರದ ಕೌದಿಗಳು ಹೊಲಿದ ಹಾಗೆಯೇ ದವಾಖಾನೆಗೆ ಹೋದವು. ನಾಲ್ಕು ದಿನದ ಕೂಸೊಂದು ಕಾಲು ಝಾಡಿಸುವಾಗ ಅದರ ಕಿರುಬೆರಳು ದಾರದ ಕುಣಿಕೆಯೊಂದರಲ್ಲಿ ಸಿಕ್ಕಿತು. ಕೂಸು ಎಳೆದಷ್ಟೂ ದಾರ ಬಿಗಿಯಿತು. ಹಸಿವಿಗೆ ಅಳುತ್ತಿದೆ ಎಂದು ಹಡೆದವಳು ಮೊಲೆ ಕೊಟ್ಟಳು, ತೂಗಿದಳು, ಹಾಡಿದಳು. ನರ್ಸಬಾಯಿ ಬಂದು ಹೊದಿಕೆ ಸರಿಸಿ ನೋಡಿದಾಗ ಬೆರಳು ನೀಲಿಗಟ್ಟಿತ್ತು. ಕತ್ತರಿಯ ತುದಿಯಿಂದ ದಾರ ಕಡಿದು ಬಿಡಿಸಿದರು. ಬೆರಳು ಉಳಿಯಿತು. ಆ ಕೌದಿಯನ್ನು ಅವರು, ಊರಿಗೆ ಮರಳಿದ ಮಾಸ್ತರರನ್ನು ಕರೆಸಿ, ಅವರ ಕೈಯಲ್ಲೇ ಕೊಟ್ಟು, "ಇನ್ನೊಂದು ತಾಸು ಬಿಟ್ಟಿದ್ರ ಬೆರಳು ಹೋಗತಿತ್ತು" ಎಂದರು.

ಮಾಸ್ತರರು ದವಾಖಾನೆಯಿಂದ ನೆಟ್ಟಗೆ ಮಗ್ಗದ ಮನೆಗೆ ಬಂದರು. ತಾಯಿಯವರು ಜೋಳ ಹಸನು ಮಾಡುತ್ತಿದ್ದರು. ಮೊರದ ಮುಂದೆ ಕೌದಿಯನ್ನು ಇಟ್ಟರು ಎನ್ನುವುದಕ್ಕಿಂತ ಒಗೆದರು ಎನ್ನಬೇಕು.

"ತಾಯಿ, ಇವತ್ತ ಬಾಯಿಬಿಟ್ಟ ಹೇಳತೇನ್ರಿ. ಆ ಮುದುಕಿಗೆ ಇನ್ನ ಸೂಜಿ ಕೊಡಬ್ಯಾಡ್ರಿ. ಎಂಟ ತಿಂಗಳಿಂದ ಅಕಿ ಹೊಲಿದಿದ್ದೆಲ್ಲಾ ನಾ ಬಿಚ್ಚಿ ಬಿಚ್ಚಿ ಹೊಲದೀನಿ. ನಿಮಗ ತಿಳೀಬಾರದು, ಅಕಿಗೂ ತಿಳೀಬಾರದು ಅಂತ ಹೊಟ್ಟ್ಯಾಗ ಇಟಗೊಂಡಿದ್ದೆ. ಒಂದ ವಾರ ನಾ ಇರಲಿಲ್ಲ, ಕೂಸಿನ ಬೆರಳ ಹೋಗತಿತ್ತು!"

ತಾಯಿಯವರು ಮೊರ ಬದಿಗಿಟ್ಟು ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡರು. ದಾರ ಕಡಿದ ಜಾಗವನ್ನು ಹುಡುಕಿದರು. ಅದರ ಪಕ್ಕದ ಕುಣಿಕೆಯೊಂದರಲ್ಲಿ ತಮ್ಮ ಕಿರುಬೆರಳಿಟ್ಟು, ಬಿಳುಪೇರುವ ತನಕ ಎಳೆದರು. ಬಹಳ ಹೊತ್ತು ಅವರು ಬೆರಳು ಹೊರಗೆ ತೆಗೆಯಲಿಲ್ಲವೆಂದೂ, ಕಣ್ಣಿಂದ ನೀರು ಇಳಿಯುತ್ತಿತ್ತೆಂದೂ ಮಾಸ್ತರರು ಹೇಳುತ್ತಾರೆ.

"ನನಗ ತಿಳೀಬಾರದು ಅಂದಿ" ಎಂದರು ಕೊನೆಗೆ. "ನೀ ಬಿಚ್ಚಿ ಒಗೆದ ದಾರ ವಾರಾ ವಾರಾ ಕಸ ಹೊಡದಾಕಿ ನಾನ. ಇವತ್ತ ಹೇಳತಾನ, ನಾಳೆ ಹೇಳತಾನ ಅಂತ ನಿನ್ನ ಬಾಯಿ ನೋಡಕೋತ ಕುಂತೆ. ನಿನ್ನಕಿಂತ ನಂದು ದೊಡ್ಡ ತಪ್ಪು."

ತಪ್ಪು ಮಾಡಿದವಳು ಭರಮವ್ವ ಎಂದು ಹೇಳಲು ಬಂದವರು ಮಾಸ್ತರರು. ತಮ್ಮದೂ ತಪ್ಪಿದೆ ಎಂಬುದು ಅಲ್ಲಿಯ ತನಕ ಅವರ ತಲೆಗೆ ಹೊಳೆದೇ ಇರಲಿಲ್ಲ.

"ಬಿಚ್ಚೂದು ಬಿಚ್ಚು, ತಮ್ಮಾ. ಅಕಿ ಮುಂದ ಬಿಚ್ಚು."

"ಮುದುಕಿ ಎದಿ ಒಡಕೊಂಡ ಸಾಯತಾಳ್ರಿ, ತಾಯಿ."

"ಗಂಡನ್ನ ಮಣ್ಣಿಗಿಟ್ಟಾಳ. ಎರಡು ಮಕ್ಕಳನ್ನ ಮಣ್ಣಿಗಿಟ್ಟಾಳ. ನಿನ್ನ ಮಾತಿಗೆ ಸಾಯತಾಳೇನು?"

ಅಷ್ಟೇ ಮಾತು. ತಾಯಿಯವರು ಮತ್ತೆ ಮೊರ ಎತ್ತಿಕೊಂಡರು.

ಗುರುವಾರ ಬಂತು. ಭರಮವ್ವ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ತನ್ನ ಮಗ್ಗುಲಲ್ಲಿ ಕುಳಿತಳು. ಉಳಿದ ಮೂವರು ಹೊಲಿಯುತ್ತಾ ನಡುವಿನ ತನಕ ಬಂದರೂ ಮಾಸ್ತರರು ಮಷೀನಿನ ಹಿಂದೆಯೇ ಇದ್ದರು. ಕಡೆಗೆ ತಾಯಿಯವರು ಬಂದು ಅವಳ ಬಲಗಡೆ ಕುಳಿತು ಮಾಸ್ತರರ ಕಡೆ ನೋಡಿದರು. ಮಾಸ್ತರರು ಎದ್ದು ಬಂದು ಅವಳ ಎದುರಿಗೆ ಕುಳಿತರು. ಕೂಸಿನ ಬೆರಳಿನ ಸಂಗತಿ ಹೇಳಿದರು. ಎಂಟು ತಿಂಗಳ ಸಂಗತಿ ಹೇಳಿದರು. ಆ ದಿನ ಅವಳು ಹಾಕಿದ್ದ ಎರಡು ಸಾಲನ್ನು ಅವಳ ಕೈಯನ್ನೇ ಹಿಡಿದು ಮುಟ್ಟಿಸಿ, ಬಿಚ್ಚಿದರು.

ಭರಮವ್ವ ಮೊದಲು ಕೇಳಿದ್ದು, "ಕೂಸಿನ ಬೆರಳ ಹ್ಯಾಂಗೈತ್ರಿ?"

"ಉಳದೈತಿ."

"ಖರೇ ಹೇಳ್ರಿ. ನೀವೆಲ್ಲಾರು ನನ್ನ ಮುಂದ ಚಂದಂದ ಹೇಳವ್ರು."

"ಖರೇನ. ನಾನ ನೋಡಿ ಬಂದೇನಿ."

ಅವಳು ಮುಖಗಳು ಕಾಣದಿದ್ದರೂ ಹೆಂಗಸರು ಕುಳಿತ ಕಡೆ ತಿರುಗಿದಳು. "ನಿಮಗೆಲ್ಲಾ ಗೊತ್ತಿತ್ತಲ್ಲಬೇ?" ಎಂದಳು. "ಸಣ್ಣ ಹುಡುಗ್ಯಾರ ಕೈಯಾಗ ಖಾಲಿ ಗಡಗಿ ಕೊಟ್ಟು ಅಡಿಗಿ ಮಾಡು ಅಂತಾರಲ್ಲ, ಹಂಗ ಆಡಿಸಿದ್ರಿ ನನ್ನ." ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿ, ಗೋಡೆ ಹಿಡಿದು ಎದ್ದಳು. ತಾಯಿಯವರು ಎದ್ದು ಕೈ ಚಾಚಿದರು. ಅವಳು ಆ ಕೈಯನ್ನೂ ಹಿಡಿಯದೆ ಬಾಗಿಲು ತಡವರಿಸಿಕೊಂಡು ಹೊರಟುಹೋದಳು.

ಮುಂದಿನ ಗುರುವಾರ ಭರಮವ್ವ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಅವಳು ಎದ್ದು ಹೋದ ಕೌದಿ ಮೂರು ಮಗ್ಗುಲು ಹೊಲಿದು, ನಾಲ್ಕನೆಯದು ಬರಿದಾಗಿ, ನಡುವೆ ಬಾಯಿ ತೆರೆದುಕೊಂಡು ಮನೆಯ ಮಧ್ಯೆ ಬಿದ್ದಿತ್ತು. ಹೆಂಗಸರಿಗೆ ಎದೆಯಲ್ಲಿ ಅಳುಕು. ಬಾಯಿ ತೆರೆದ ಕೌದಿ ಮನೆಯೊಳಗಿದ್ದರೆ ಏನಾದೀತೋ ಎಂದು ಒಬ್ಬಳು ಉಡಿ ತುಂಬಲು ಅಕ್ಕಿ ಹಿಡಿದು ಬಂದಾಗ ತಾಯಿಯವರು ತಡೆದರು. "ಆ ಮಗ್ಗಲ ಅಕಿದು. ಉಡೀನೂ ಅಕೀನ ತುಂಬಬೇಕು" ಎಂದರು. ಬೇರೆ ಕೌದಿಗಳು ಅದರ ಸುತ್ತ ಹೊಲಿದು ಹೊಲಿದು ಹೋದವು, ಅದೊಂದು ಹಾಗೆಯೇ ಇತ್ತು. ಆ ದಿನಗಳಲ್ಲಿ ತಾಯಿಯವರು ಒಂದೇ ಹೊತ್ತು ಪ್ರಸಾದ ಸ್ವೀಕರಿಸುತ್ತಿದ್ದರು. ಏಕೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಮಾಸ್ತರರಿಗೆ ಇದನ್ನು ನೋಡಲಾಗಲಿಲ್ಲ. ತಾವು ಮಾಡಿದ್ದು ಸರಿ, ಕೂಸುಗಳಿಗಾಗಿ ಮಾಡಿದ್ದು ಎಂದು ಎಷ್ಟು ಹೇಳಿಕೊಂಡರೂ ಊಟ ರುಚಿಸದು. ಮೂರನೆಯ ವಾರ ತಾಯಿಯವರ ಬಳಿ ಬಂದು, "ನೀವು ಒಂದ ಮಾತ ಕರದ್ರ ಬರತಾಳ್ರಿ. ಹೇಳಿ ಕಳಸ್ರಿ" ಎಂದು ಬೇಡಿಕೊಂಡರು.

"ನಾ ಕರದ್ರ ನನ್ನ ಮುಖಾ ನೋಡಿ ಬರತಾಳ. ಅದು ಬ್ಯಾಡ."

"ಹಂಗಾರ ನಾನ ಹೋಗಿ ತಪ್ಪಾತು ಅಂತೇನ್ರಿ."

"ತಪ್ಪಾತು ಅಂದ್ರ ಹೋಗ್ಲಿ ಬಿಡ್ರಿ ಅಂತಾಳ. ಅಲ್ಲಿಗೆ ನಿನ್ನ ಭಾರ ಇಳೀತು, ಅಕಿದು?" ತಾಯಿಯವರು ಅವರ ಮುಖವನ್ನೇ ನೋಡುತ್ತಾ ಹೇಳಿದರು, "ಕೆಲಸ ತಗೊಂಡು ಹೋಗು."

ಯಾವ ಕೆಲಸ, ಹೇಗೆ, ಎಂದು ತಾಯಿಯವರು ಬಿಡಿಸಿ ಹೇಳಲಿಲ್ಲ. ಮಾಸ್ತರರು ಎರಡು ದಿನ ಯೋಚಿಸಿದರು. ದವಾಖಾನೆಯಿಂದ ಮರಳಿ ಬಂದಿದ್ದ ಆ ಕೌದಿಯನ್ನೇ ಪೂರ್ತಿ ಬಿಚ್ಚಿ, ಮೆತ್ತನೆಯ ಹೊಸ ಪದರು ಕೂಡಿಸಿ, ನಡುವೆ ಉಡಿಯ ಬಾಯಿ ಮಾತ್ರ ಬಿಟ್ಟು, ಮಷೀನಿನ ಮೇಲೆ ಹೊಲಿದರು. ನಲವತ್ತು ವರ್ಷದಲ್ಲಿ ಅಷ್ಟು ಅಚ್ಚುಕಟ್ಟಾಗಿ ಏನನ್ನೂ ಹೊಲಿದಿರಲಿಲ್ಲ ಎನ್ನುತ್ತಾರೆ. ಅದನ್ನು ಭರಮವ್ವನ ಮುಂದಿಟ್ಟು, ಉಡಿ ತುಂಬಿಕೊಡಿ ಎಂದು ಕೇಳುವುದು, ಇಷ್ಟೇ ಅವರಿಗೆ ಹೊಳೆದ ಕೆಲಸ. ಒಳಗೊಳಗೆ, ಒಳ್ಳೆಯ ಹೊಲಿಗೆ ಎಂದರೆ ಏನೆಂದು ಅವಳೂ ಮುಟ್ಟಿ ನೋಡಲಿ ಎಂಬ ಆಸೆಯೂ ಇತ್ತಂತೆ. ಮನುಷ್ಯನ ಸ್ವಭಾವ ಒಂದೇ ದಿನದಲ್ಲಿ ಹೋಗುತ್ತದೆಯೇ?

ಭರಮವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ಸೊಸೆ ಕೂಲಿಗೆ ಹೋಗಿದ್ದಳು. ದನಿಯಿಂದ ಗುರುತು ಹಿಡಿದು, "ಬರ್ರಿ" ಎಂದಳು. ಮಾಸ್ತರರು ಕೌದಿಯನ್ನು ಅವಳ ಮಡಿಲಿಗಿಟ್ಟು ಬಂದ ಕಾರಣ ಹೇಳಿದರು. ಅವಳು ಕೌದಿಯ ಮೇಲೆ ಕೈಯಾಡಿಸಿದಳು. ಅಂಚಿನಿಂದ ಹಿಡಿದು ಬೆರಳುಗಳು ನಿಧಾನವಾಗಿ ಒಳಗೆ ಬಂದವು. ಒಂದು ಕಡೆ ನಿಂತವು. ಹಿಂದೆ ಸರಿದು ಮತ್ತೆ ಅಲ್ಲಿಗೇ ಬಂದು ನಿಂತವು.

"ಇಲ್ಲಿ ಏನೋ ಐತ್ರಿ."

"ಏನೂ ಇಲ್ಲ. ಮಡಿಕಿ ದಪ್ಪ ಆಗೇತಿ, ಅಷ್ಟ."

"ಮಡಿಕಿ ಅಲ್ರಿ. ಬಿಚ್ಚರಿ."

ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಏನೂ ಕಾಣಲಿಲ್ಲ. ತಾವೂ ಬೆರಳಿನಿಂದ ಒತ್ತಿ ನೋಡಿದರು, ಏನೂ ಹತ್ತಲಿಲ್ಲ. ಅಷ್ಟು ಚಂದದ ಹೊಲಿಗೆ ಬಿಚ್ಚಲು ಅವರಿಗೆ ಮನಸ್ಸೇ ಬರಲಿಲ್ಲ. ಭರಮವ್ವ ಬೆರಳು ಕೀಳಲಿಲ್ಲ. "ಜೀವಮಾನ ಎಲ್ಲಾ ಅರಳ್ಯಾಗಿನ ಕಸರ ಆರಿಸೇನ್ರಿ ನಾನು. ಕಣ್ಣ ಹೋದ್ರೂ ಕೈ ಹೋಗಿಲ್ಲ. ಬಿಚ್ಚರಿ" ಎಂದಳು.

ಬಿಚ್ಚಿದರು. ಪದರುಗಳ ನಡುವಿನಿಂದ ಜೋಳದ ಕಾಳಿಗಿಂತ ತುಸು ಉದ್ದದ, ಮುರಿದ ಸೂಜಿಯ ಮೊನೆ ಹೊರಬಿತ್ತು.

ಹಿಂದಿನ ದಿನ ದಪ್ಪ ಮಡಿಕೆಯ ಮೇಲೆ ಮಷೀನಿನ ಸೂಜಿ ಮುರಿದದ್ದು ಆಗ ಮಾಸ್ತರರಿಗೆ ನೆನಪಾಯಿತು. ಅವರು ಹೊಸ ಸೂಜಿ ಹಾಕಿಕೊಂಡು ಮುಂದುವರಿದಿದ್ದರು. ಮುರಿದ ತುಂಡು ಎಲ್ಲೋ ನೆಲಕ್ಕೆ ಬಿದ್ದಿರಬೇಕು ಎಂದುಕೊಂಡಿದ್ದರು. ನಾಲ್ಕು ದಿನದ ಕೂಸು ಅದರ ಮೇಲೆ ಮಲಗಿ ಕೈಕಾಲು ಆಡಿಸುವುದು ಅವರ ಕಣ್ಣಿಗೆ ಕಟ್ಟಿತು. ಎಂಟು ತಿಂಗಳು ಅವಳ ಕೈಯಿಂದ ಕೂಸುಗಳನ್ನು ಕಾಯುತ್ತಿದ್ದೇನೆ ಎಂದುಕೊಂಡವರು ಅವರು. ಅವರ ಕೈಯಿಂದ ಕಾಯುವವರು ಯಾರಿದ್ದರು? ಬಿಚ್ಚಿ ನೋಡುವವರೇ ಇಲ್ಲದ ತಮ್ಮ ಹೊಲಿಗೆಯಲ್ಲಿ ಇಂಥ ಮೊನೆಗಳು ಇನ್ನೆಷ್ಟು ಹೋಗಿರಬಹುದೋ ಎಂಬ ಯೋಚನೆ ಬಂದೊಡನೆ ಅವರು ಆ ಕಟ್ಟೆಯ ಮೇಲೆಯೇ ತಲೆ ಹಿಡಿದು ಕುಳಿತುಬಿಟ್ಟರು.

"ಏನ ಸಿಕ್ಕತ್ರಿ?" ಎಂದಳು ಭರಮವ್ವ.

ಅವರು ಮೊನೆಯನ್ನು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ತಿರುವಿ ನೋಡಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಆಮೇಲೆ, "ಗುರುವಾರ ಬರತೇನ್ರಿ. ಹೊಲಿಯಾಕ ಅಲ್ಲ, ನೋಡಾಕ" ಎಂದಳು.

ಬಂದಳು ಕೂಡ. ಒಗೆದ ಸೀರೆ ಉಟ್ಟು, ಗೋಡೆ ಹಿಡಿದು ಒಳಗೆ ಬಂದು, ಮೊದಲು ಆ ಬಾಯಿ ತೆರೆದ ಕೌದಿಯ ಪಕ್ಕ ಕುಳಿತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕಾಲು ಮುಟ್ಟಿದರು. ಅವಳು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಇನ್ನ ಚಂದ ಐತಿ ಅಂತ ಸುಳ್ಳ ಹೇಳಿದ್ರ ನೋಡ್ರಿ ಮತ್ತ" ಎಂದಳಷ್ಟೇ. ಹೊಲಿದು ಮುಗಿಸಿದ ಬೇರೆ ಕೌದಿಗಳನ್ನೆಲ್ಲ ತನ್ನ ಮುಂದೆ ತರಿಸಿಕೊಂಡು ಒಂದೊಂದನ್ನೇ ಅಂಗೈಯಿಂದ ಸವರುತ್ತಾ ಕುಳಿತಳು. ಒಂದರಲ್ಲಿ ಹಳೆಯ ಜಂಪರಿನ ಹುಕ್ಕು ಸಿಕ್ಕಿತು, ಇನ್ನೊಂದರಲ್ಲಿ ಗಂಟು.

ಮಾಸ್ತರರು ಆ ದಿನ ಮಷೀನಿನ ಹತ್ತಿರ ಹೋಗಲಿಲ್ಲ. ಕತ್ತರಿಯನ್ನೂ ಅಳತೆಯ ಟೇಪನ್ನೂ ತಾಯಿಯವರ ಮುಂದಿಟ್ಟು, ದೀರ್ಘದಂಡ ಹಾಕಿ, ಸೂಜಿಯ ಮೊನೆಯ ಸಂಗತಿ ಎಲ್ಲ ಹೇಳಿದರು. "ಇನ್ನ ಈ ಕೈಲೆ ಕೂಸುಗಳ ಕೌದಿ ಮುಟ್ಟೂದಿಲ್ರಿ. ಮಷೀನ ಇಲ್ಲೇ ಇರ್ಲಿ. ನನಗ ಹೋಗಾಕ ಅಪ್ಪಣಿ ಕೊಡ್ರಿ" ಎಂದರು. ಬಾಯಿಮಾತಿಗೆ ಹೇಳಿದ್ದಲ್ಲ, ಚಪ್ಪಲಿ ಹಾಕಿಕೊಳ್ಳಲು ಅವರು ಬಾಗಿಲ ತನಕ ಹೋಗಿದ್ದರು.

ತಾಯಿಯವರು ದನಿ ಎತ್ತರಿಸದೆ ಕೇಳಿದರು:

"ಭರಮವ್ವಗ ಎದ್ದು ಬರಾಕ ಮೂರು ವಾರ ಹಿಡೀತು. ನಿನಗೆಷ್ಟು ಬೇಕು ತಮ್ಮಾ?"

ಮಾಸ್ತರರು ಬಾಗಿಲಲ್ಲೇ ನಿಂತರು. ಒಳಗೆ ಆ ಮುದುಕಿ ಬೆರಳು ಓಡಿಸುತ್ತಾ ಕುಳಿತಿದ್ದಳು. ತಾನು ಎಂಟು ತಿಂಗಳು ಮಾಡಿದ ಕೆಲಸವೆಲ್ಲ ವ್ಯರ್ಥ ಎಂದು ಕೇಳಿಯೂ ಎದ್ದು ಬಂದ ಆ ಜೀವದ ಎದುರು ತಮ್ಮ ಓಟ ಎಷ್ಟು ಸಣ್ಣದೆಂದು ಅವರಿಗೆ ನಾಚಿಕೆಯಾಯಿತು. ತಿರುಗಿ ಬಂದರು. ತಾಯಿಯವರು ಪೋಣಿಸಿಟ್ಟಿದ್ದ ಸೂಜಿಗಳಲ್ಲಿ ಒಂದನ್ನು ತೆಗೆದುಕೊಂಡು ಭರಮವ್ವನ ಹತ್ತಿರ ಹೋಗಿ, "ನಿಮ್ಮ ಮಗ್ಗಲ ನಾ ಹೊಲೀಲೇನ್ರಿ?" ಎಂದು ಕೇಳಿದರು. ಅವಳು ತಲೆಯಾಡಿಸಿ ಆಚೆ ಸರಿದು ಜಾಗ ಕೊಟ್ಟಳು. ಊರಿಗೆಲ್ಲ ಅಂಗಿ ಹೊಲಿದ ಮಾಸ್ತರರು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತು, ಕೈಯಿಂದ, ಅಂಚಿನಿಂದ ನಡುವಿನ ತನಕ ನಾಲ್ಕನೆಯ ಮಗ್ಗುಲನ್ನು ಹೊಲಿದರು. ಭರಮವ್ವ ನಾಲ್ಕು ಕಾಳು ಅಕ್ಕಿ ಹಾಕಿ ಉಡಿ ತುಂಬಿದಳು. ಅವಳು ಹಿಡಿದ ಬಾಯಿಯನ್ನು ಮಾಸ್ತರರು ಹೊಲಿದು ಮುಚ್ಚಿದರು.

ಆಮೇಲೆ ಅವರು ಕೌದಿಯನ್ನು ಅವಳ ಕಡೆ ಸರಿಸಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಕಾದರು. ನಲವತ್ತು ವರ್ಷದಲ್ಲಿ ಅವರು ತಮ್ಮ ಹೊಲಿಗೆಯನ್ನು ಯಾರ ಮುಂದೂ ಹೀಗೆ ಇಟ್ಟಿರಲಿಲ್ಲ. ಭರಮವ್ವನ ಬೆರಳುಗಳು ಮೊದಲ ಸಾಲು ದಾಟಿದವು, ಎರಡನೆಯದು ದಾಟಿದವು. ಐದನೆಯ ಸಾಲಿನಲ್ಲಿ ನಿಂತವು. ಹೆಂಗಸರೆಲ್ಲ ಸೂಜಿ ನಿಲ್ಲಿಸಿ ನೋಡುತ್ತಿದ್ದರು.

"ಮಾಸ್ತರ, ಇದೊಂದು ಸಡ್ಲ ಆಗೇತ್ರಿ."

ಮಾಸ್ತರರು ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಖರೇ ಐತಿ, ಅವ್ವಾ" ಎಂದರು. ಆ ತನಕ ಮುದುಕಿ ಎಂದೇ ಕರೆಯುತ್ತಿದ್ದವಳನ್ನು ಅವರು ಅವ್ವಾ ಎಂದದ್ದು ಅದೇ ಮೊದಲು. ತಾಯಿಯವರ ಸನ್ನಿಧಿಯಲ್ಲಿ, ಮೂವತ್ತು ಜನ ನೋಡುತ್ತಿದ್ದಂತೆ, ಪಂಢರಿನಾಥ ಮಾಸ್ತರರು ತಮ್ಮ ಹೊಲಿಗೆಯನ್ನು ತಾವೇ ಬಿಚ್ಚಿ ಮತ್ತೆ ಹೊಲಿದರು.